ತತ್ವಪದಕ್ಕೆ ಸಿಕ್ಕ ಗಿಟಾರು

ಸಂತ ಶಿಶುನಾಳ ಶರೀಫರು (1819–1889) ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದವರು. ಭಜನೆ ಮೇಳಗಳಲ್ಲಿ ಬಾಯಿಂದ ಬಾಯಿಗೆ ಹರಿದ ಅವರ ತತ್ವಪದಗಳನ್ನು ಗಾಯಕ ಸಿ. ಅಶ್ವತ್ಥ್ ಕ್ಯಾಸೆಟ್ಟಿನ ಮೂಲಕ ಮನೆಮನೆಗೆ ಮುಟ್ಟಿಸಿದರು.

ರಾಕ್ ಗಿಟಾರಿನ ಸರದಿ ಬಂದದ್ದು 2008ರಲ್ಲಿ. ತಮ್ಮ ‘ಅಂತರಾಗ್ನಿ’ ತಂಡ ಚದುರಿದ ಮೇಲೆ, ಮೈಸೂರಿನಲ್ಲಿ ಬೆಳೆದ ಗಾಯಕ-ಗಿಟಾರ್ ವಾದಕ ರಘು ದೀಕ್ಷಿತ್ ತಮ್ಮದೇ ಹೆಸರಿನ ಮೊದಲ ಆಲ್ಬಮ್ ತಂದರು. ಬಿಡುಗಡೆ ಮಾಡಿದ್ದು ಸಂಗೀತ ನಿರ್ದೇಶಕ ವಿಶಾಲ್–ಶೇಖರ್ ಜೋಡಿಯ ‘ಕೌಂಟರ್ ಕಲ್ಚರ್ ರೆಕಾರ್ಡ್ಸ್’. ಅದರ ಹಾಡುಗಳಲ್ಲಿ ಎರಡು ಶರೀಫರವು: ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’. ಉಳಿದವು ಹಿಂದಿ, ಇಂಗ್ಲಿಷ್.

ಗುಡುಗುಡಿಯ (ಹುಕ್ಕಾ) ನೆಪದಲ್ಲಿ ಮನಸ್ಸು, ಮೋಹಗಳ ಮಾತಾಡುವ ಪದ ಮೊದಲನೆಯದು. ಅದಕ್ಕೆ ಕಾಲೇಜು ಹುಡುಗರು ಕುಣಿದದ್ದನ್ನು ಕಂಡಿದ್ದರೆ ಶರೀಫರು ಬಹುಶಃ ನಕ್ಕು ಸುಮ್ಮನಾಗುತ್ತಿದ್ದರು. 2010ರಲ್ಲಿ ರಘು ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಸಂಗೀತ ಕಾರ್ಯಕ್ರಮದಲ್ಲೂ ಹಾಡಿತು.