ಒಂದು ಮನೆ, ಮೂರು ಒಲೆ

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾದಾಗ ನಾವು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ್ವಿ. ಸೆಲ್ಫಿನೂ ತಗೊಂಡ್ವಿ. ನಾಲ್ಕು ದಿನ ಹೋಟೆಲು, ಆಮೇಲೆ ಕಾರಿಗೆ ಇನ್ಶೂರೆನ್ಸ್. ನಮ್ಮ ಪ್ರವಾಹದ ಕತೆ ಅಷ್ಟೇ.

ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ರಾಯಚೂರು ಕಡೆಯವರು. ಅವರ ತಗಡಿನ ಶೆಡ್ಡೂ ಮುಳುಗಿತ್ತು. "ನಮಗಿದು ಎರಡನೇ ಸಲ ರೀ ಸರ್" ಅಂದ್ರು. ಮೊದಲನೆಯದು 2009ರದ್ದು.

ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಿನಲ್ಲಿ, ಬರದ ಸೀಮೆ ಅಂತಲೇ ನಾವು ಓದಿಕೊಂಡಿದ್ದ ಉತ್ತರ ಕರ್ನಾಟಕದಲ್ಲಿ ಕೃಷ್ಣಾ, ಭೀಮಾ, ಮಲಪ್ರಭಾ, ತುಂಗಭದ್ರಾ ಉಕ್ಕಿ ಹರಿದವು. 200ಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಸರ್ಕಾರ ದಾನಿಗಳ ನೆರವು ಪಡೆದು 'ಆಸರೆ' ಯೋಜನೆಯಲ್ಲಿ ಹೊಸ ಊರುಗಳನ್ನು ಕಟ್ಟಿಸಿತು. ಒಳ್ಳೆಯ ಕೆಲಸವೇ. ಆದರೆ ಇವರ ಊರಿನಲ್ಲಿ ಎಣಿಸಿದ್ದು ಬಿದ್ದ ಮನೆಗಳನ್ನು, ಒಲೆಗಳನ್ನಲ್ಲ.

"ಅಣ್ತಮ್ಮರು ಮೂರು ಮಂದಿ, ಮೂರು ಒಲಿ. ಕಾಗದದಾಗ ಅಪ್ಪನ ಹೆಸರು ಒಂದೇ. ಬಂದಿದ್ದೂ ಒಂದೇ ಮನಿ. ದನ ಕಟ್ಟಾಕೂ ಜಾಗ ಇಲ್ಲ."

ಅಣ್ಣ ಹೊಸ ಮನೆಗೆ ಹೋದ. ತಮ್ಮ ಹೊಳೆದಂಡೆಯ ಬಿದ್ದ ಗೋಡೆಯನ್ನೇ ಮತ್ತೆ ಎತ್ತಿದ. ಇವರು ಬೆಂಗಳೂರಿಗೆ ಬಂದರು, ಬಾಡಿಗೆ ಕಮ್ಮಿ ಅಂತ ರಾಜಕಾಲುವೆ ಪಕ್ಕಕ್ಕೇ.

ಈಗ ಅವರ ಶೆಡ್ಡಿನಲ್ಲಿ ಮಂಚದ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ. ರೇಷನ್ ಕಾರ್ಡು, ಆಧಾರ್, ಮಗಳ ಮಾರ್ಕ್ಸ್ ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿ ಸೂರಿಗೆ ನೇತಾಡುತ್ತಿವೆ.