ಓಣಿ ಖಾಲಿ ಆದಾಗ ಉಳಿದ ಆಯಿ

ಆಳಂದ ಭಾಗದ ಹಿರಿಯರನ್ನು ಭೂಕಂಪದ ಬಗ್ಗೆ ಕೇಳಿ ನೋಡಿ. ಮೊದಲು ಬರುವ ಹೆಸರು ಕಿಲ್ಲಾರಿ. ಉಮರ್ಗಾ ದಾಟಿದರೆ ಆ ಊರು ನಮಗೆ ದೂರವೇನಲ್ಲ.

1993ರ ಸೆಪ್ಟೆಂಬರ್ 30. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ಬೆಳಗಿನ ಜಾವ 4 ಗಂಟೆಗೆ ಸ್ವಲ್ಪ ಮೊದಲು ನೆಲ ನಡುಗಿತು. ತೀವ್ರತೆ ಸುಮಾರು 6.2. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಹತ್ತಿರ ಹತ್ತಿರ 10 ಸಾವಿರ ಜನ ಸತ್ತರು.

ಕೊಂದದ್ದು ಹೆಚ್ಚಾಗಿ ಮನೆಗಳೇ. ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ತೊಲೆ, ಅದರ ಮೇಲೆ ಮಣ್ಣಿನ ಹೇರು. ನಮ್ಮ ಮಾಳಗಿ ಮನೆಗಳೂ ಅಂಥವೇ. ಅದಕ್ಕೇ ನಮ್ಮ ಓಣಿಯ ಜನ ಹಾಸಿಗೆ ಹೊತ್ತು ಹೊಲಕ್ಕೆ ಹೋದರು. ಮಳೆ ಬಂದರೂ ಒಳಗೆ ಕಾಲಿಡಲಿಲ್ಲ.

ಒಂದು ಮನೆಯಲ್ಲಿ ಮಾತ್ರ ದೀಪ ಇತ್ತು ಎಂದು ನಮ್ಮವ್ವ ಈಗಲೂ ಹೇಳುತ್ತಾಳೆ. ಪಕ್ಕದ ಮನೆಯ ಆಯಿ ಹೋಗಲಿಲ್ಲ. ಗಂಡನಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದ.

"ನೀವು ಹೋಗ್ರಿ. ಇವರನ್ನ ಬಿಟ್ಟು ನಾ ಎಲ್ಲಿಗಿ ಬರ್ಲಿ?" ಅಂದಳಂತೆ.

ಬೆಳಗಾದರೆ ಜನ ಬಂದು ದನಕ್ಕೆ ಮೇವು ಹಾಕಿ, ಅವಳ ಒಲೆಯಿಂದ ಕೆಂಡ ಒಯ್ಯುತ್ತಿದ್ದರು. ಮನೆ ಬೀಳಲಿಲ್ಲ. ಮುಂದೆ ಓಣಿಯವರು "ಆಯಿ ಗಟ್ಟಿಗಿತ್ತಿ, ಭೂಮಿ ನಡುಗಿದ್ರೂ ನಡುಗಲಿಲ್ಲ" ಎಂದು ಕಥೆ ಕಟ್ಟಿದರು. ನಾನೂ ಹಾಗೇ ಕೇಳಿ ಬೆಳೆದೆ.

2021ರ ಅಕ್ಟೋಬರ್‌ನಲ್ಲಿ ನಮ್ಮದೇ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಮೇಲಿಂದ ಮೇಲೆ ನೆಲ ನಡುಗಿತು. 11ರ ರಾತ್ರಿಯದು 4.1 ತೀವ್ರತೆಯದು. ಜನ ಮನೆ ಬಿಟ್ಟು ಹೊರಗೆ ಮಲಗಿದರು, ಎಷ್ಟೋ ಮಂದಿ ಊರನ್ನೇ ಬಿಟ್ಟರು. ಆ ಸುದ್ದಿ ಬರೆಯುವಾಗ ಆಯಿ ನೆನಪಾದಳು. ಅವ್ವನಿಗೆ ಫೋನ್ ಮಾಡಿ ಕೇಳಿದೆ: "ಆ ಮುದುಕನ ಹೊರಸು ಎತ್ತಲಿಕ್ಕೆ ಎಷ್ಟು ಮಂದಿ ಬೇಕಿತ್ತವ್ವ?"

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಾಕ್ ಮಂದಿ ಸಾಕಿತ್ತಪ್ಪ. ಯಾರಿಗೂ ಹೊಳಿಲಿಲ್ಲ" ಅಂದಳು.

ಆಯಿ ಗಟ್ಟಿಗಿತ್ತಿ, ಖರೆ. ಆದರೆ ಅವಳು ಉಳಿದದ್ದು ಧೈರ್ಯ ತೋರಿಸಲಿಕ್ಕಲ್ಲ, ಬೇರೆ ದಾರಿ ಇರಲಿಲ್ಲ. ನೆಲ ಮತ್ತೆ ನಡುಗಿದರೆ ಬಯಲಿಗೆ ಹೋಗಲೇಬೇಕು. ಹೋಗಿ ನಿಂತ ಮೇಲೆ ಒಮ್ಮೆ ತಲೆ ಎಣಿಸಿ. ನಿಮ್ಮ ಓಣಿಯಲ್ಲಿ ನಡೆಯಲಾಗದವರು ಯಾರಿದ್ದಾರೆ, ಅವರ ಹೊರಸಿಗೆ ಹೆಗಲು ಕೊಡುವ ನಾಲ್ಕು ಮಂದಿ ಯಾರು ಎಂಬುದನ್ನು ಇವತ್ತೇ ಮಾತಾಡಿಕೊಂಡಿರಿ.