ಮೀನೋ, ಮಾಂಸವೋ?

ನಿತ್ಯದ ಊಟಕ್ಕೆ ಮೀನು ಮೇಲೋ, ಮಾಂಸ ಮೇಲೋ ಎಂದು ಜಯನಗರದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ. ಉತ್ತರಕ್ಕೆ ಮುನ್ನ ತುಸು ಇತಿಹಾಸ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಎರಡರ ಪಾಕವಿಧಾನಗಳೂ ಇವೆ. ಆದರೆ ಅದು ಅರಮನೆಯ ಊಟ. ಬೆಂಗಳೂರು ಸೀಮೆಯ ಒಕ್ಕಲು ಮನೆಗಳಲ್ಲಿ ಮಾಂಸವೆಂದರೆ ಹಬ್ಬ, ಜಾತ್ರೆ; ದಿನದ ಬಲವೆಲ್ಲ ಮುದ್ದೆ, ಹುರುಳಿ, ಅವರೆಗಳದು. ಮೀನು ಕೆರೆಯನ್ನು ಅವಲಂಬಿಸಿತ್ತು. ಬಿಟಿಎಂ ಎಂಬ ಮೂರಕ್ಷರಗಳಲ್ಲಿ ಅಡಗಿರುವ ಬೈರಸಂದ್ರ, ತಾವರೆಕೆರೆ, ಮಡಿವಾಳಗಳಲ್ಲಿ ಒಂದರ ಹೆಸರೇ ಕೆರೆಯದು!

ಗಂಗಾ ಬಯಲಿನ ನದಿಮೀನುಗಳಾದ ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. 1957ರಲ್ಲಿ ಕಟಕದಲ್ಲಿ ಹೀರಾಲಾಲ್ ಚೌಧುರಿಯವರು ಹಾರ್ಮೋನು ಚುಚ್ಚಿ ಇಂತಹ ಮೀನುಗಳಿಂದ ಮರಿ ಪಡೆದರು. ಮುಂದೆ ಅವುಗಳ ಮರಿಗಳು ದೇಶದ ಕೆರೆಕುಂಟೆಗಳಿಗೆ ಸುಲಭವಾಗಿ ದೊರೆತವು. ಕರಾವಳಿಯ ಬಂಗುಡೆ, ಬೂತಾಯಿಗಳು ಮಂಜುಗಡ್ಡೆಯೊಡನೆ ಲಾರಿಯೇರಿ ಘಟ್ಟ ಹತ್ತಿ ಬಂದವು. ಹೀಗೆ ಆಯ್ಕೆ ಎಂಬುದು ನಮಗೆ ಈಚೆಗೆ ದೊರೆತ ಭಾಗ್ಯ.

ಸಸಾರಜನಕದಲ್ಲಿ ಎರಡೂ ಸರಿಸಮ; 100 ಗ್ರಾಂಗೆ ಸುಮಾರು 20 ಗ್ರಾಂ. ಅಂತರವಿರುವುದು ಕೊಬ್ಬಿನಲ್ಲಿ. ಬಂಗುಡೆ, ಬೂತಾಯಿಗಳಲ್ಲಿ ಹೃದಯಕ್ಕೆ ಹಿತವಾದ ಒಮೆಗಾ-3 ಹೇರಳ. ಕುರಿಮಾಂಸದಲ್ಲಿ ಪರ್ಯಾಪ್ತ ಕೊಬ್ಬು ಹೆಚ್ಚು. ಕೆಂಪು ಮಾಂಸವು ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ವರ್ಗೀಕರಿಸಿತು. ಆದರೆ ಮೀನನ್ನು ಎಣ್ಣೆಯಲ್ಲಿ ಕರಿದರೆ ಅದರ ಗುಣ ಕುಗ್ಗುತ್ತದೆ, ಸಾರೇ ಲೇಸು.

ಆದ್ದರಿಂದ ವಾರಕ್ಕೆರಡು ದಿನ ಮೀನು, ಹಬ್ಬಕ್ಕೆ ಮಾಂಸ, ನಿತ್ಯಕ್ಕೆ ಬೇಳೆಕಾಳು. ಬಡತನ ನಮ್ಮ ಹಿರಿಯರಿಗೆ ವಿಧಿಸಿದ್ದ ಕ್ರಮವನ್ನು ಈಗ ನಾವು ತಿಳಿದು ಆರಿಸಿಕೊಳ್ಳಬೇಕಾಗಿದೆ.